ತಂದೆಯ ಬೈಪೋಲಾರ್ ಕಾಯಿಲೆ ಮಗಳಿಗೂ ಬರುತ್ತದೆಯೇ? ವಂಶವಾಹಿಗಳೂ ಮಿದುಳಿನ ಜಾಲಗಳೂ ಹೇಳುವುದೆಷ್ಟು

ಬೈಪೋಲಾರ್ ಕಾಯಿಲೆ ಇರುವವರ ಮನೆಯಲ್ಲಿ ಒಂದು ಪ್ರಶ್ನೆಯನ್ನು ಯಾರೂ ಕೇಳದಿದ್ದರೂ ಅದು ಎಲ್ಲರ ಮನಸ್ಸಿನಲ್ಲಿ ಇರುತ್ತದೆ: ಇದು ಮಕ್ಕಳಿಗೂ ಬರುತ್ತದೆಯೇ? ಮಗ ನಡುರಾತ್ರಿ ಕಳೆದರೂ ಮಲಗದಿದ್ದರೆ ತಾಯಿಗೆ ದಿಗಿಲು. ಮಗಳು ಕಾರಣವಿಲ್ಲದೆ ಅತ್ತರೆ, ಇನ್ನೊಂದು ದಿನ ಹತ್ತು ಯೋಜನೆಗಳನ್ನು ಒಂದೇ ಉಸಿರಿನಲ್ಲಿ ಹೇಳಿದರೆ, ತಂದೆ ಅವಳಲ್ಲಿ ತನ್ನ ಹಳೆಯ ದಿನಗಳ ಗುರುತನ್ನು ಹುಡುಕತೊಡಗುತ್ತಾನೆ. ‘ನೂಲಿನಂತೆ ಸೀರೆ’ ಎಂದು ನೆಂಟರು ಪಿಸುಗುಟ್ಟುವುದೂ ಉಂಟು. ಹದಿಹರೆಯದ ಸಹಜ ಏರಿಳಿತ ಎಲ್ಲಿ ಮುಗಿಯುತ್ತದೆ, ಕಾಯಿಲೆ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯದೆ ಇಡೀ ಮನೆ ವರ್ಷಗಟ್ಟಲೆ ಉಸಿರು ಬಿಗಿಹಿಡಿದು ಬದುಕುತ್ತದೆ.

ಪ್ರಶ್ನೆಗೆ ಒಂದು ಉತ್ತರ ಇದೆ. ತಂದೆ ತಾಯಿಯರಲ್ಲಿ ಒಬ್ಬರಿಗೆ ಕಾಯಿಲೆ ಇದ್ದರೆ ಮಗುವಿಗೆ ಅದು ಬರುವ ಸಾಧ್ಯತೆ ಹತ್ತರಲ್ಲಿ ಒಂದರ ಆಸುಪಾಸು ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಸಾಮಾನ್ಯ ಜನರಲ್ಲಿ ಇದು ನೂರಕ್ಕೆ ಒಂದೋ ಎರಡೋ. ಅಪಾಯ ಹೆಚ್ಚು ಎಂಬುದು ನಿಜ. ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಬರುವುದಿಲ್ಲ ಎಂಬುದೂ ಅಷ್ಟೇ ನಿಜ, ಆದರೆ ಈ ಎರಡನೆಯ ಮಾತನ್ನು ಹೇಳುವವರು ಕಡಿಮೆ. ಕಷ್ಟವಿರುವುದು ಆ ಒಂದು ಮಗು ಯಾವುದು ಎಂದು ಗುರುತಿಸುವುದರಲ್ಲಿ.

ಇದಕ್ಕಾಗಿ ವಿಜ್ಞಾನ ಎರಡು ದಾರಿಗಳನ್ನು ಹಿಡಿದಿದೆ. ಒಂದು, ಡಿಎನ್‌ಎಯಲ್ಲಿ ಹರಡಿಕೊಂಡಿರುವ ಅಪಾಯದ ಲೆಕ್ಕ. ಇನ್ನೊಂದು, ಎಂಆರ್‌ಐ ಸ್ಕ್ಯಾನ್‌ಗಳ ಮೂಲಕ ಮಿದುಳಿನ ಭಾಗಗಳು ಒಂದಕ್ಕೊಂದು ಹೇಗೆ ಬೆಸೆದುಕೊಂಡಿವೆ ಎಂಬುದರ ಅಳತೆ. ಬಹುಕಾಲ ಈ ಎರಡೂ ಬೇರೆ ಬೇರೆಯಾಗಿ ಸಾಗಿದ್ದವು. ಈಗ ಒಬ್ಬನೇ ಹುಡುಗನ, ಒಬ್ಬಳೇ ಹುಡುಗಿಯ ವಂಶವಾಹಿಗಳನ್ನೂ ಮಿದುಳಿನ ಜಾಲಗಳನ್ನೂ ಒಟ್ಟಿಗೆ ನೋಡುವ ಅಧ್ಯಯನಗಳು ಬರುತ್ತಿವೆ. ಕಾಯಿಲೆ ಹೇಗೆ ರೂಪುಗೊಳ್ಳುತ್ತದೆ ಎಂದು ತಿಳಿಯಲು ಇವು ಬಹಳ ಬೆಲೆಯುಳ್ಳ ಕೆಲಸ. ಒಂದು ಮಗುವಿನ ನಾಳೆಯನ್ನು ಹೇಳಲು ಇವುಗಳನ್ನು ಬಳಸುವುದು ಮಾತ್ರ ಇಂದಿನ ಮಟ್ಟಿಗೆ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗೇಕೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಕಾಯಿಲೆ ಶುರುವಾಗುವ ವಯಸ್ಸು

ಉನ್ಮಾದ ಮತ್ತು ಖಿನ್ನತೆ, ಈ ಎರಡು ಸ್ಥಿತಿಗಳ ನಡುವೆ ಮನಸ್ಸು ತೂಗಾಡುವುದು ಬೈಪೋಲಾರ್ ಕಾಯಿಲೆಯ ಲಕ್ಷಣ. ಉನ್ಮಾದ ಎಂದರೆ ಬರೀ ಸಂತೋಷವಲ್ಲ. ನಿದ್ದೆಯೇ ಬೇಡವೆನಿಸುವುದು, ಮಾತು ನಿಲ್ಲದಿರುವುದು, ಆಲೋಚನೆಗಳು ನುಗ್ಗಿ ಬರುವುದು, ಸಾಲ ಮಾಡಿ ಖರ್ಚು ಮಾಡುವುದು, ತನ್ನಿಂದ ಆಗದ್ದೇ ಇಲ್ಲ ಎಂಬ ನಂಬಿಕೆ ಇವೆಲ್ಲ ಸೇರಿ ಕನಿಷ್ಠ ಒಂದು ವಾರ ಇದ್ದರೆ, ಅಥವಾ ಆಸ್ಪತ್ರೆಗೆ ಸೇರಿಸಲೇಬೇಕಾದಷ್ಟು ತೀವ್ರವಾದರೆ, ಅದು ಮೊದಲನೆಯ ಬಗೆಯ ಬೈಪೋಲಾರ್. ಎರಡನೆಯ ಬಗೆಯಲ್ಲಿ ಉನ್ಮಾದ ಸೌಮ್ಯವಾಗಿರುತ್ತದೆ, ಖಿನ್ನತೆ ಮಾತ್ರ ಸೌಮ್ಯವಾಗಿರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019 ರಲ್ಲಿ ಜಗತ್ತಿನಲ್ಲಿ ಸುಮಾರು 4 ಕೋಟಿ ಜನರಿಗೆ ಈ ಕಾಯಿಲೆ ಇತ್ತು.

ಹೆಚ್ಚಿನವರಲ್ಲಿ ಇದು ಕಾಣಿಸಿಕೊಳ್ಳುವುದು ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರ ಹರೆಯದಲ್ಲಿ. ಅದರಲ್ಲೂ ಮೊದಲು ಬರುವುದು ಬಹಳ ಸಲ ಖಿನ್ನತೆ, ಉನ್ಮಾದವಲ್ಲ. ಹಾಗಾಗಿ ವೈದ್ಯರು ಸಾಮಾನ್ಯ ಖಿನ್ನತೆ ಎಂದು ತಿಳಿದು ಚಿಕಿತ್ಸೆ ಕೊಡುತ್ತಾರೆ, ಸರಿಯಾದ ರೋಗನಿರ್ಣಯ ಆಗುವಷ್ಟರಲ್ಲಿ ವರ್ಷಗಳು ಉರುಳಿರುತ್ತವೆ. ಓದು, ಸ್ನೇಹ, ಮೊದಲ ಕೆಲಸ ಎಲ್ಲವೂ ಕಟ್ಟಿಕೊಳ್ಳುವ ಕಾಲದಲ್ಲೇ ಈ ವಿಳಂಬ ಆಗುತ್ತದೆ. ಆತ್ಮಹತ್ಯೆಯ ಅಪಾಯ ಈ ಕಾಯಿಲೆಯಲ್ಲಿ ಸಾಮಾನ್ಯರಿಗಿಂತ ಹತ್ತಾರು ಪಟ್ಟು ಹೆಚ್ಚು. ಮುಂಚಿತವಾಗಿ ಗುರುತಿಸುವ ಹಂಬಲ ವಿಜ್ಞಾನಿಗಳಿಗೆ ಏಕೆ ಇಷ್ಟು ತೀವ್ರವಾಗಿದೆ ಎಂಬುದು ಇಲ್ಲಿ ಅರ್ಥವಾಗುತ್ತದೆ. ಅದು ಕುತೂಹಲವಷ್ಟೇ ಅಲ್ಲ, ಜೀವಗಳ ಪ್ರಶ್ನೆ.

ವಂಶವಾಹಿಗಳ ಪಾಲು

ಅವಳಿಗಳ ಅಧ್ಯಯನಗಳು ಬೈಪೋಲಾರ್ ಕಾಯಿಲೆಯ ಆನುವಂಶಿಕತೆಯನ್ನು ಶೇ 60 ರಿಂದ 85 ರವರೆಗೆ ಅಂದಾಜು ಮಾಡುತ್ತವೆ. ಮಾನಸಿಕ ಕಾಯಿಲೆಗಳಲ್ಲಿ ಇದು ಅತಿ ಹೆಚ್ಚಿನವುಗಳಲ್ಲಿ ಒಂದು. ಈ ಅಂಕಿಯನ್ನು ಓದುವಾಗ ಆಗುವ ತಪ್ಪು ಎಷ್ಟು ಸಾಮಾನ್ಯವೆಂದರೆ, ಅದನ್ನು ಇಲ್ಲಿ ತಿದ್ದದೆ ಮುಂದೆ ಹೋಗುವಂತಿಲ್ಲ. ಶೇ 80 ಆನುವಂಶಿಕ ಎಂದರೆ ತಂದೆಯಿಂದ ಮಗಳಿಗೆ ಶೇ 80 ರಷ್ಟು ಸಾಧ್ಯತೆಯಲ್ಲಿ ಬರುತ್ತದೆ ಎಂದಲ್ಲ. ಒಂದು ಜನಸಮುದಾಯದಲ್ಲಿ ಕೆಲವರಿಗೆ ಕಾಯಿಲೆ ಬಂದು ಕೆಲವರಿಗೆ ಬಾರದಿರುವ ವ್ಯತ್ಯಾಸದಲ್ಲಿ ಎಷ್ಟು ಪಾಲು ವಂಶವಾಹಿಗಳ ವ್ಯತ್ಯಾಸದಿಂದ ಬಂದಿದೆ ಎಂಬುದಷ್ಟೇ ಆ ಅಂಕಿಯ ಅರ್ಥ. ಅದು ಸಮುದಾಯದ ಲೆಕ್ಕ, ವ್ಯಕ್ತಿಯ ಜಾತಕವಲ್ಲ. ಡಿಎನ್‌ಎ ಹೆಚ್ಚುಕಡಿಮೆ ಒಂದೇ ಆಗಿರುವ ಸಮರೂಪಿ ಅವಳಿಗಳಲ್ಲಿ ಒಬ್ಬರಿಗೆ ಬೈಪೋಲಾರ್ ಇದ್ದಾಗ ಇನ್ನೊಬ್ಬರಿಗೂ ಇರುವುದು ಶೇ 40 ರ ಆಸುಪಾಸು ಮಾತ್ರ. ವಂಶವಾಹಿಗಳೇ ಎಲ್ಲವೂ ಆಗಿದ್ದರೆ ಅದು ನೂರರ ಹತ್ತಿರ ಇರಬೇಕಿತ್ತು.

ಯಾವ ವಂಶವಾಹಿಗಳು ಎಂಬ ಹುಡುಕಾಟ ಮೊದಲು ದಾರಿ ತಪ್ಪಿತ್ತು. ಒಂದೊಂದೇ ‘ಸಂಶಯಾಸ್ಪದ’ ಜೀನ್ ಆರಿಸಿಕೊಂಡು, ಕೆಲವು ನೂರು ಜನರಲ್ಲಿ ಪರೀಕ್ಷಿಸಿ, ಸಿಕ್ಕಿತು ಎಂದು ಪ್ರಕಟಿಸುವ ಪದ್ಧತಿ 2000 ದ ಆಸುಪಾಸಿನಲ್ಲಿ ಜೋರಾಗಿತ್ತು. ಖಿನ್ನತೆಯ ವಿಷಯದಲ್ಲಿ ಹೀಗೆ ಹೆಸರು ಮಾಡಿದ್ದ 18 ಜೀನ್‌ಗಳನ್ನು 2019 ರಲ್ಲಿ ಲಕ್ಷಗಟ್ಟಲೆ ಜನರ ಮಾಹಿತಿಯಲ್ಲಿ ಮತ್ತೆ ಪರೀಕ್ಷಿಸಿದಾಗ, ಅವು ಬೇರೆ ಯಾವುದೋ ಜೀನ್‌ಗಳಿಗಿಂತ ಒಂದಿಷ್ಟೂ ಮೇಲಾಗಿರಲಿಲ್ಲ. ಈ ಪಾಠ ಮುಂದೆ ಮಿದುಳಿನ ಸ್ಕ್ಯಾನ್‌ಗಳ ಮಾತು ಬಂದಾಗ ಮತ್ತೆ ಬೇಕಾಗುತ್ತದೆ.

ಈಗಿನ ವಿಧಾನ ಬೇರೆ. ಇಡೀ ಜಿನೋಮ್ ಉದ್ದಕ್ಕೂ ಲಕ್ಷಾಂತರ ಕಡೆ ಜನರ ಡಿಎನ್‌ಎಯಲ್ಲಿರುವ ಸಣ್ಣ ಸಣ್ಣ ವ್ಯತ್ಯಾಸಗಳನ್ನು ಕಾಯಿಲೆ ಇರುವವರಲ್ಲೂ ಇಲ್ಲದವರಲ್ಲೂ ಹೋಲಿಸಲಾಗುತ್ತದೆ. ಅನೇಕ ದೇಶಗಳ ಸಂಶೋಧಕರು ಸೇರಿ ಕಟ್ಟಿದ ಸೈಕಿಯಾಟ್ರಿಕ್ ಜಿನೋಮಿಕ್ಸ್ ಕನ್ಸಾರ್ಟಿಯಂ 2021 ರಲ್ಲಿ ಸುಮಾರು 42 ಸಾವಿರ ರೋಗಿಗಳ ಮಾಹಿತಿಯಿಂದ ಕಾಯಿಲೆಯೊಂದಿಗೆ ನಂಟಿರುವ ಡಿಎನ್‌ಎಯ 64 ತಾಣಗಳನ್ನು ಗುರುತಿಸಿತು. 2025 ರ ವರದಿಯಲ್ಲಿ ರೋಗಿಗಳ ಸಂಖ್ಯೆ 1,58,036 ಕ್ಕೆ ಏರಿತು, ತಾಣಗಳು 298 ಆದವು. ನರಕೋಶದೊಳಗೆ ಕ್ಯಾಲ್ಸಿಯಂ ಹರಿಯುವ ದ್ವಾರಗಳನ್ನು ರೂಪಿಸುವ ಜೀನ್‌ಗಳು, ನರಕೋಶಗಳು ಪರಸ್ಪರ ಸಂಕೇತ ದಾಟಿಸುವ ಸಂಧಿಗಳಲ್ಲಿ ಕೆಲಸ ಮಾಡುವ ಜೀನ್‌ಗಳು ಇಂಥ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಮೇಲೆ ಬಂದಿವೆ. 2022 ರ ಇನ್ನೊಂದು ಅಧ್ಯಯನ ಅಪರೂಪದ, ಆದರೆ ಪ್ರಬಲವಾದ ಬದಲಾವಣೆಗಳನ್ನು ಹುಡುಕುತ್ತಾ ಎಕೆಎಪಿ11 ಎಂಬ ಜೀನ್‌ಗೆ ಬಂದು ನಿಂತಿತು. ಈ ಜೀನ್ ತಯಾರಿಸುವ ಪ್ರೋಟೀನ್ ನಂಟು ಬೆಳೆಸುವುದು ಬೈಪೋಲಾರ್‌ಗೆ ಕೊಡುವ ಔಷಧವಾದ ಲಿಥಿಯಂ ಪ್ರಭಾವ ಬೀರುತ್ತದೆಂದು ನಂಬಲಾದ ಕಿಣ್ವವೊಂದರ ಜೊತೆ. ಆಸ್ಟ್ರೇಲಿಯಾದ ಜಾನ್ ಕೇಡ್ 1949 ರಲ್ಲಿ ಉನ್ಮಾದಕ್ಕೆ ಲಿಥಿಯಂ ಬಳಸಿ ವರದಿ ಮಾಡಿದಾಗ ಅದು ಏಕೆ ಕೆಲಸ ಮಾಡುತ್ತದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಏಳು ದಶಕಗಳ ಬಳಿಕ ಡಿಎನ್‌ಎಯ ದಿಕ್ಕಿನಿಂದ ಹೊರಟವರು ಅದೇ ಜಾಗದ ಹತ್ತಿರ ಬಂದು ತಲುಪಿದ್ದು ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ರೋಮಾಂಚಕ ಸಂಗತಿ.

ಈ ಸಾವಿರಾರು ಸಣ್ಣ ವ್ಯತ್ಯಾಸಗಳನ್ನು, ಪ್ರತಿಯೊಂದರ ತೂಕಕ್ಕೆ ಅನುಗುಣವಾಗಿ, ಕೂಡಿಸಿ ಒಬ್ಬ ವ್ಯಕ್ತಿಗೆ ಒಂದೇ ಅಂಕಿಯಾಗಿ ಕೊಡುವುದಕ್ಕೆ ಪಾಲಿಜೆನಿಕ್ ಸ್ಕೋರ್ ಎನ್ನುತ್ತಾರೆ. ಕೇಳಲು ಬಹಳ ಅಚ್ಚುಕಟ್ಟು. ಆದರೆ 2021 ರ ಲೆಕ್ಕದ ಸ್ಕೋರ್ ಕಾಯಿಲೆಯ ಒಲವಿನಲ್ಲಿ ಜನರ ನಡುವೆ ಇರುವ ವ್ಯತ್ಯಾಸದ ಶೇ 5 ನ್ನೂ ವಿವರಿಸುತ್ತಿರಲಿಲ್ಲ. ಅವಳಿಗಳ ಅಧ್ಯಯನ ಹೇಳುವ ಶೇ 60–85 ಎಲ್ಲಿ, ಇದು ಎಲ್ಲಿ! ಅತಿ ಹೆಚ್ಚು ಸ್ಕೋರ್ ಇರುವ ಗುಂಪಿನಲ್ಲಿ ಅಪಾಯ ಮೂರು ಪಟ್ಟು ಎಂದುಕೊಳ್ಳಿ. ನೂರಕ್ಕೆ ಒಂದೆರಡು ಇದ್ದದ್ದು ಮೂರೋ ಆರೋ ಆಗುತ್ತದೆ. ಆ ಗುಂಪಿನಲ್ಲೂ ತೊಂಬತ್ತಕ್ಕಿಂತ ಹೆಚ್ಚು ಜನ ಆ ಕಾಯಿಲೆಯನ್ನು ಎಂದೂ ಕಾಣುವುದಿಲ್ಲ.

ಇನ್ನೆರಡು ಮಿತಿಗಳಿವೆ. ಈ ವ್ಯತ್ಯಾಸಗಳು ಬೈಪೋಲಾರ್‌ಗೆ ಮೀಸಲಾದವಲ್ಲ. ಸ್ಕಿಜೋಫ್ರೇನಿಯಾದ ಆನುವಂಶಿಕ ಅಪಾಯದೊಂದಿಗೆ ಇವುಗಳ ಹೊಂದಾಣಿಕೆ 0.7 ರ ಸಮೀಪ ಇದೆ (ಪೂರ್ತಿ ಹೊಂದಿದರೆ 1), ಖಿನ್ನತೆಯೊಂದಿಗೂ ಗಣನೀಯವಾಗಿದೆ. ಅಂದರೆ ಸ್ಕೋರ್ ತೋರಿಸುವುದು ಒಂದು ಕಾಯಿಲೆಯ ಬಾಗಿಲನ್ನಲ್ಲ, ಹಲವು ಬಾಗಿಲುಗಳಿರುವ ಅಂಗಳವನ್ನು. ಎರಡನೆಯದು ನ್ಯಾಯದ ಪ್ರಶ್ನೆ. ಇಂಥ ಅಧ್ಯಯನಗಳಲ್ಲಿ ಭಾಗವಹಿಸಿದವರಲ್ಲಿ ಬಹುಪಾಲು ಯುರೋಪ್ ಮೂಲದವರು. ಅವರ ಡಿಎನ್‌ಎಯಿಂದ ಕಟ್ಟಿದ ಸ್ಕೋರ್ ದಕ್ಷಿಣ ಏಷ್ಯಾ ಅಥವಾ ಆಫ್ರಿಕಾ ಮೂಲದವರಲ್ಲಿ ಇನ್ನೂ ಕಡಿಮೆ ನಿಖರ. 2025 ರ ಅಧ್ಯಯನ ಪೂರ್ವ ಏಷ್ಯಾ, ಆಫ್ರಿಕನ್ ಅಮೆರಿಕನ್, ಲ್ಯಾಟಿನೊ ಮೂಲದವರನ್ನು ಸೇರಿಸಿಕೊಂಡಿರುವುದು ಒಳ್ಳೆಯ ಹೆಜ್ಜೆ, ಆದರೆ ಅಂತರ ಇನ್ನೂ ದೊಡ್ಡದು. ಜಗತ್ತಿನ ಹೆಚ್ಚಿನ ಮಕ್ಕಳಿಗೆ ಸರಿಹೊಂದದ ಅಳತೆಗೋಲನ್ನು ಎಲ್ಲರ ಅಳತೆಗೋಲೆಂದು ಕರೆಯಲಾಗದು.

ಬೆಸೆದುಕೊಂಡಿರುವ ಮಿದುಳು

ಈಗ ಸ್ಕ್ಯಾನ್‌ಗಳ ಕಡೆಗೆ. ಮಿದುಳಿನ ಸಂಪರ್ಕ ಎಂದಾಗ ಸಂಶೋಧಕರು ಎರಡು ಬೇರೆ ಬೇರೆ ಸಂಗತಿಗಳನ್ನು ಅಳೆಯುತ್ತಾರೆ, ಸುದ್ದಿಗಳಲ್ಲಿ ಈ ಎರಡನ್ನೂ ಕಲಸಿಬಿಡುತ್ತಾರೆ.

ಮೊದಲನೆಯದು ರಚನೆಯ ಸಂಪರ್ಕ. ನರಕೋಶಗಳ ಉದ್ದನೆಯ ಎಳೆಗಳು ಕಟ್ಟುಕಟ್ಟಾಗಿ ಮಿದುಳಿನ ಒಂದು ಭಾಗದಿಂದ ಇನ್ನೊಂದಕ್ಕೆ ಸಾಗುತ್ತವೆ. ಎಳೆಗಳ ಸುತ್ತ ಕೊಬ್ಬಿನಂಶದ ಹೊದಿಕೆ ಇರುವುದರಿಂದ ಅವು ಬಿಳಿಯಾಗಿ ಕಾಣುತ್ತವೆ. ಮಿದುಳಿನಲ್ಲಿರುವ ನೀರಿನ ಅಣುಗಳು ಈ ಎಳೆಗಳ ಉದ್ದಕ್ಕೂ ಸುಲಭವಾಗಿ, ಅಡ್ಡಕ್ಕೆ ಕಷ್ಟದಿಂದ ಚಲಿಸುತ್ತವೆ. ಆ ಚಲನೆಯನ್ನು ಅಳೆದು ಎಳೆಗಳ ದಿಕ್ಕನ್ನೂ ಅಚ್ಚುಕಟ್ಟುತನವನ್ನೂ ಊಹಿಸುವ ಸ್ಕ್ಯಾನ್ ವಿಧಾನವೊಂದು 1990 ರ ದಶಕದಲ್ಲಿ ಬಂತು.

ಎರಡನೆಯದು ಕೆಲಸದ ಸಂಪರ್ಕ. ರಕ್ತದಲ್ಲಿನ ಆಮ್ಲಜನಕದ ಬದಲಾವಣೆಯ ಮೂಲಕ ಮಿದುಳಿನ ಚಟುವಟಿಕೆಯನ್ನು ನೋಡಬಹುದೆಂದು 1990 ರಲ್ಲಿ ಸೇಜಿ ಒಗಾವಾ ತೋರಿಸಿದರು. 1995 ರಲ್ಲಿ ಭರತ್ ಬಿಸ್ವಾಲ್ ಮತ್ತು ಸಂಗಡಿಗರು, ಜನ ಸುಮ್ಮನೆ ಮಲಗಿದ್ದಾಗಲೂ ಚಲನೆಯನ್ನು ನಿಯಂತ್ರಿಸುವ ಎಡ ಮತ್ತು ಬಲ ಭಾಗಗಳ ಚಟುವಟಿಕೆ ಒಟ್ಟೊಟ್ಟಿಗೆ ಏರಿಳಿಯುತ್ತದೆ ಎಂದು ಕಂಡುಕೊಂಡರು. ಅಲ್ಲಿಂದ ವಿಶ್ರಾಂತಿಯ ಮಿದುಳನ್ನು ಓದುವ ಶಾಸ್ತ್ರವೇ ಬೆಳೆಯಿತು. ಒಟ್ಟಿಗೆ ಏರಿಳಿಯುವ ಭಾಗಗಳನ್ನು ಒಂದು ಜಾಲ ಎನ್ನುತ್ತಾರೆ. ಎರಡು ಬೇರೆ ಕೋಣೆಗಳಲ್ಲಿರುವ ಇಬ್ಬರು ಒಂದೇ ಕ್ಷಣಕ್ಕೆ ನಕ್ಕರೆ ಅವರು ಮಾತನಾಡಿಕೊಳ್ಳುತ್ತಿರಬಹುದು, ಇಲ್ಲವೇ ಒಂದೇ ರೇಡಿಯೊ ಕಾರ್ಯಕ್ರಮ ಕೇಳುತ್ತಿರಬಹುದು. ಜಾಲ ಎಂಬುದೂ ಹಾಗೆಯೇ, ಅದು ತಾಳ ಹೊಂದುವುದರ ಲೆಕ್ಕ. ನಡುವೆ ನೇರ ತಂತಿ ಇದೆ ಎಂಬುದಕ್ಕೆ ಸಾಕ್ಷಿಯಲ್ಲ.

ಬೈಪೋಲಾರ್ ವಿಷಯದಲ್ಲಿ ಮುಖ್ಯವಾಗಿ ನೋಡುವ ಭಾಗಗಳು ಕೆಲವೇ. ಭಯ, ಸಿಟ್ಟು, ಸಂತಸಗಳಿಗೆ ಥಟ್ಟನೆ ಸ್ಪಂದಿಸುವ ಅಮಿಗ್ಡಲಾ. ಬಹುಮಾನದ ನಿರೀಕ್ಷೆಗೆ ಮಿಡಿಯುವ ಸ್ಟ್ರಯೇಟಂ. ಇವೆರಡಕ್ಕೂ ಲಗಾಮು ಹಾಕುವ ಹಣೆಯ ಹಿಂದಿನ ಪ್ರಿಫ್ರಂಟಲ್ ಭಾಗಗಳು. ಮತ್ತು ನಮ್ಮ ಬಗ್ಗೆಯೇ ನಾವು ಯೋಚಿಸುವಾಗ ಚುರುಕಾಗುವ ಡೀಫಾಲ್ಟ್ ಮೋಡ್ ಜಾಲ. ಭಾವನೆ ಏರಿದಾಗ ಲಗಾಮು ಸರಿಯಾಗಿ ಬಿಗಿಯಾಗುವುದಿಲ್ಲ ಎಂಬುದು ದಶಕಗಳಿಂದ ಇರುವ ವಾದ. ಹಲವು ದೇಶಗಳ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸುವ ಎನಿಗ್ಮಾ ಎಂಬ ಸಹಯೋಗ ಇದಕ್ಕೆ ಗಟ್ಟಿ ನೆಲ ಒದಗಿಸಿದೆ. 26 ತಂಡಗಳ ಮೂರು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು 2019 ರಲ್ಲಿ ಅದು ವಿಶ್ಲೇಷಿಸಿದಾಗ, ಬೈಪೋಲಾರ್ ಇರುವವರಲ್ಲಿ ಮಿದುಳಿನ ಎರಡು ಅರ್ಧಗಳನ್ನು ಜೋಡಿಸುವ ಕಾರ್ಪಸ್ ಕಲೋಸಂ ಮತ್ತು ಭಾವನೆಯ ಕೇಂದ್ರಗಳನ್ನು ಬೆಸೆಯುವ ಸಿಂಗ್ಯುಲಂ ಎಂಬ ಎಳೆಗಳ ಕಟ್ಟುಗಳಲ್ಲಿ ಅಚ್ಚುಕಟ್ಟುತನ ಕಡಿಮೆಯಿತ್ತು. ಲಿಥಿಯಂ ತೆಗೆದುಕೊಳ್ಳುತ್ತಿದ್ದವರಲ್ಲಿ ಈ ಕೊರತೆ ಅಷ್ಟಾಗಿ ಇರಲಿಲ್ಲ. ಮಿದುಳಿನ ಹೊರಪದರದ ದಪ್ಪದ ಬಗ್ಗೆ 2018 ರಲ್ಲಿ ಬಂದ ಅದೇ ಸಹಯೋಗದ ವರದಿಯಲ್ಲೂ ಲಿಥಿಯಂ ಕಡೆಗೆ ಇಂಥದ್ದೇ ಒಲವು ಕಂಡಿತ್ತು.

ಯುವಜನರನ್ನೇ ನೋಡಬೇಕೇಕೆ

ನಲವತ್ತು ವರ್ಷದ ರೋಗಿಯ ಮಿದುಳಿನಲ್ಲಿ ವ್ಯತ್ಯಾಸ ಕಂಡರೆ ಅದು ಕಾಯಿಲೆಗೆ ಕಾರಣವೋ, ಕಾಯಿಲೆ ಉಳಿಸಿಹೋದ ಗುರುತೋ, ಇಪ್ಪತ್ತು ವರ್ಷ ನುಂಗಿದ ಮಾತ್ರೆಗಳ ಪರಿಣಾಮವೋ ಎಂದು ಬೇರ್ಪಡಿಸಲು ಆಗುವುದಿಲ್ಲ. ಹದಿನೈದರ ಹುಡುಗಿಯಲ್ಲಿ ಈ ಗೋಜಲು ಕಡಿಮೆ. ಕಾಯಿಲೆ ಇನ್ನೂ ಬಾರದ, ಆದರೆ ತಂದೆಗೋ ಅಣ್ಣನಿಗೋ ಇರುವ ಹುಡುಗಿಯಲ್ಲಂತೂ ಇನ್ನೂ ಕಡಿಮೆ.

ಇನ್ನೊಂದು ಕಾರಣ ಬೆಳವಣಿಗೆಯದು. ಭಾವನೆಗೆ ಸ್ಪಂದಿಸುವ ಒಳಭಾಗಗಳು ಬೇಗ ಬಲಿಯುತ್ತವೆ. ಲಗಾಮು ಹಿಡಿಯುವ ಪ್ರಿಫ್ರಂಟಲ್ ಭಾಗಗಳೂ ಅಲ್ಲಿಗೆ ಸಾಗುವ ಎಳೆಗಳೂ ಇಪ್ಪತ್ತರ ನಡುವಿನವರೆಗೆ ರೂಪುಗೊಳ್ಳುತ್ತಲೇ ಇರುತ್ತವೆ. ಬೇಡದ ಸಂಧಿಗಳು ಸವೆದುಹೋಗುತ್ತವೆ, ಬಳಸಿದ ಎಳೆಗಳ ಹೊದಿಕೆ ದಪ್ಪವಾಗುತ್ತದೆ. ಬೈಪೋಲಾರ್ ಮೊದಲು ಕಾಣಿಸಿಕೊಳ್ಳುವುದೂ ಇದೇ ವರ್ಷಗಳಲ್ಲಿ. ಇದು ಬರೀ ಕಾಕತಾಳೀಯವಾಗಿರಲಾರದು.

ಆದ್ದರಿಂದ ಒಂದೇ ಸಲ ತೆಗೆದ ಸ್ಕ್ಯಾನ್‌ಗಿಂತ, ಅದೇ ಮಕ್ಕಳನ್ನು ಮತ್ತೆ ಮತ್ತೆ ನೋಡುವ ಅಧ್ಯಯನಗಳಿಗೆ ನಾನು ಹೆಚ್ಚು ತೂಕ ಕೊಡುತ್ತೇನೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಗ್ಲೋರಿಯಾ ರಾಬರ್ಟ್ಸ್, ಫಿಲಿಪ್ ಮಿಚೆಲ್ ಮತ್ತು ಸಂಗಡಿಗರು 2022 ರಲ್ಲಿ ಪ್ರಕಟಿಸಿದ ಕೆಲಸ ಇಂಥದ್ದು. 12 ರಿಂದ 30 ವರ್ಷದ 183 ಜನರನ್ನು ಎರಡು ವರ್ಷದ ಅಂತರದಲ್ಲಿ ಎರಡು ಸಲ ಸ್ಕ್ಯಾನ್ ಮಾಡಿದರು. ಒಂದು ಗುಂಪಿನವರಿಗೆ ಬೈಪೋಲಾರ್ ಇರುವ ತಂದೆ, ತಾಯಿ ಅಥವಾ ಒಡಹುಟ್ಟಿದವರಿದ್ದರು, ಆದರೆ ಸ್ವತಃ ಅವರಿಗೆ ಕಾಯಿಲೆ ಇರಲಿಲ್ಲ. ಇನ್ನೊಂದು ಗುಂಪಿನ ಕುಟುಂಬದಲ್ಲಿ ಅಂಥ ಇತಿಹಾಸವೇ ಇರಲಿಲ್ಲ. ಭಾವನೆ ಮತ್ತು ಆಲೋಚನೆಯ ಭಾಗಗಳ ನಡುವಿನ ರಚನೆಯ ಸಂಪರ್ಕ ಎರಡನೆಯ ಗುಂಪಿನಲ್ಲಿ ಕಾಲಕ್ರಮೇಣ ಬಲಗೊಂಡಿತು, ಮೊದಲನೆಯದರಲ್ಲಿ ಕುಗ್ಗಿತು. ಮೊದಲ ದಿನದ ಚಿತ್ರಕ್ಕಿಂತ ಬದಲಾವಣೆಯ ದಿಕ್ಕು ಹೆಚ್ಚು ಹೇಳುತ್ತದೆ ಎಂಬುದು ಇದರಿಂದ ನಾನು ಕಲಿತದ್ದು.

ಆದರೆ ಇಲ್ಲೇ ಎಚ್ಚರವೂ ಬೇಕು. ಸಂಪರ್ಕ ಕುಗ್ಗಿದ ಆ ಗುಂಪಿನವರು ಸ್ಕ್ಯಾನ್‌ನ ಹೊತ್ತಿಗೆ ಆರೋಗ್ಯವಾಗಿದ್ದರು, ಅವರಲ್ಲಿ ಹೆಚ್ಚಿನವರು ಮುಂದೆಯೂ ಆರೋಗ್ಯವಾಗಿಯೇ ಇರುತ್ತಾರೆ. ಹಾಗಾದರೆ ನಾವು ನೋಡಿದ್ದು ಕಾಯಿಲೆಯ ಮುನ್ಸೂಚನೆಯೋ, ಕುಟುಂಬದ ಒಂದು ಲಕ್ಷಣ ಮಾತ್ರವೋ, ಅಥವಾ ಕಾಯಿಲೆಯನ್ನು ತಡೆಹಿಡಿಯಲು ಮಿದುಳು ಮಾಡಿಕೊಂಡ ಹೊಂದಾಣಿಕೆಯೋ? ರೋಗಿಗಳ ಆರೋಗ್ಯವಂತ ಒಡಹುಟ್ಟಿದವರಲ್ಲಿ, ರೋಗಿಗಳಲ್ಲೂ ಇಲ್ಲದ ಸಾಮಾನ್ಯರಲ್ಲೂ ಇಲ್ಲದ ಹೆಚ್ಚುವರಿ ಸಂಪರ್ಕಗಳು ಕಂಡ ಅಧ್ಯಯನಗಳಿವೆ. ಎನಿಗ್ಮಾದ 2019 ರ ವಿಶ್ಲೇಷಣೆಯಲ್ಲಿ ಬೈಪೋಲಾರ್ ಇರುವವರ ಹತ್ತಿರದ ಸಂಬಂಧಿಕರ ತಲೆಬುರುಡೆಯೊಳಗಿನ ಗಾತ್ರ ಸರಾಸರಿಯಲ್ಲಿ ಕೊಂಚ ದೊಡ್ಡದಾಗಿಯೇ ಇತ್ತು. ವಂಶದಿಂದ ಬಂದದ್ದೆಲ್ಲ ಹಾನಿಯೇ ಎಂಬ ಎಣಿಕೆಗೆ ಈ ಫಲಿತಾಂಶಗಳು ಒಗ್ಗುವುದಿಲ್ಲ. ಅಪಾಯದೊಂದಿಗೆ ತಡೆದುಕೊಳ್ಳುವ ಶಕ್ತಿಯೂ ಅದೇ ಮನೆಯಲ್ಲಿ ಬೆಳೆಯುತ್ತಿರಬಹುದು.

ಸ್ಕೋರ್ ಮತ್ತು ಜಾಲ ಒಟ್ಟಿಗೆ ಬಂದಾಗ

ಇಷ್ಟು ಹಿನ್ನೆಲೆಯಲ್ಲಿ ಹೊಸ ಬಗೆಯ ಅಧ್ಯಯನಗಳನ್ನು ನೋಡೋಣ. ಅವುಗಳ ತರ್ಕ ಸರಳ. ಡಿಎನ್‌ಎಯ ವ್ಯತ್ಯಾಸ ನೇರವಾಗಿ ಉನ್ಮಾದವನ್ನು ತರುವುದಿಲ್ಲ, ನಡುವೆ ಮಿದುಳು ಇದೆ. ಅಪಾಯದ ಸ್ಕೋರ್ ಹೆಚ್ಚಾದಂತೆ ಯಾವುದಾದರೂ ಜಾಲದ ಬೆಸುಗೆ ಬದಲಾಗುತ್ತದೆಯೇ, ಆ ಬದಲಾವಣೆ ಕಾಯಿಲೆ ಇರುವ ಯುವಕರಲ್ಲೂ ಇಲ್ಲದವರಲ್ಲೂ ಒಂದೇ ರೀತಿಯೇ ಎಂದು ಕೇಳಿದರೆ, ಜೀನ್‌ನಿಂದ ಲಕ್ಷಣದವರೆಗಿನ ಹಾದಿಯಲ್ಲಿ ಒಂದು ಮಜಲು ಸಿಗಬಹುದು.

ಈ ತರ್ಕದಲ್ಲಿ ನನಗೆ ಮುಖ್ಯವೆನಿಸುವುದು ಎರಡನೆಯ ಪ್ರಶ್ನೆ. ಒಂದೇ ಸ್ಕೋರ್ ಇರುವ ಇಬ್ಬರು ಹದಿನಾರರ ಹುಡುಗರಲ್ಲಿ ಒಬ್ಬನಿಗೆ ಕಾಯಿಲೆ ಇದೆ, ಇನ್ನೊಬ್ಬನಿಗೆ ಇಲ್ಲ ಎಂದಿಟ್ಟುಕೊಳ್ಳಿ. ಸ್ಕೋರ್ ಏರಿದಂತೆ ಇಬ್ಬರಲ್ಲೂ ಜಾಲ ಒಂದೇ ದಿಕ್ಕಿಗೆ ವಾಲಿದರೆ, ಅದು ಕಾಯಿಲೆಗೂ ಮುಂಚಿನ ಒಲವು. ಬೇರೆ ಬೇರೆ ದಿಕ್ಕಿಗೆ ವಾಲಿದರೆ, ಅದೇ ಒಲವಿನ ಮೇಲೆ ಬದುಕು ಬೇರೆ ಏನನ್ನೋ ಸೇರಿಸಿದೆ ಎಂದರ್ಥ: ನಿದ್ದೆಗೆಟ್ಟ ವರ್ಷಗಳು, ಬಾಲ್ಯದ ಹಿಂಸೆ, ಗಾಂಜಾ, ಔಷಧ, ಅಥವಾ ಕಾಯಿಲೆಯೇ. ಕುಟುಂಬದ ಇತಿಹಾಸವೊಂದನ್ನೇ ನೋಡಿದರೆ ಇದನ್ನು ಬಿಡಿಸಲಾಗದು. ಏಕೆಂದರೆ ಮಗು ತಂದೆಯಿಂದ ಡಿಎನ್‌ಎಯನ್ನಷ್ಟೇ ಪಡೆಯುವುದಿಲ್ಲ, ತಂದೆಯ ಕಾಯಿಲೆ ಇರುವ ಮನೆಯಲ್ಲಿ ಬೆಳೆಯುತ್ತದೆ. ಸ್ಕೋರ್ ಡಿಎನ್‌ಎಯ ಪಾಲನ್ನು ಸ್ವಲ್ಪಮಟ್ಟಿಗಾದರೂ ಬೇರೆ ಮಾಡಿ ತೋರಿಸುತ್ತದೆ. ಅದರ ನಿಜವಾದ ಉಪಯೋಗ ಇಲ್ಲಿದೆ.

ಇಲ್ಲಿಯವರೆಗಿನ ಫಲಿತಾಂಶಗಳು ಸಣ್ಣವು, ಒಂದಕ್ಕೊಂದು ಹೊಂದದಿರುವುದೂ ಉಂಟು. ಅದಕ್ಕೆ ಕಾರಣಗಳು ಸ್ಪಷ್ಟವಾಗಿವೆ. ಸ್ಕೋರ್‌ನಲ್ಲಿ ಹಿಡಿದಿರುವುದೇ ಅಪಾಯದ ಸಣ್ಣ ಪಾಲು. ಸ್ಕ್ಯಾನ್‌ನ ಅಳತೆಯಲ್ಲೂ ಏರುಪೇರು ಹೆಚ್ಚು. 2022 ರಲ್ಲಿ ಸುಮಾರು 50 ಸಾವಿರ ಜನರ ಸ್ಕ್ಯಾನ್‌ಗಳನ್ನು ಪರಿಶೀಲಿಸಿದ ಸ್ಕಾಟ್ ಮಾರೆಕ್ ಮತ್ತು ಸಂಗಡಿಗರು, ಮಿದುಳಿನ ಲಕ್ಷಣಕ್ಕೂ ನಡವಳಿಕೆಯ ಲಕ್ಷಣಕ್ಕೂ ಇರುವ ನಂಟು ಸಾಮಾನ್ಯವಾಗಿ ಎಷ್ಟು ಸಣ್ಣದೆಂದರೆ ಅದನ್ನು ನಂಬಿಕೆಯಿಂದ ಹಿಡಿಯಲು ಸಾವಿರಾರು ಜನ ಬೇಕು ಎಂದು ತೋರಿಸಿದರು. ಬೈಪೋಲಾರ್ ಇರುವ ಹದಿಹರೆಯದವರ ಅಧ್ಯಯನಗಳಲ್ಲಿ ಇರುವುದು ಹಲವು ಸಲ ನೂರು ಜನ, ಹೆಚ್ಚೆಂದರೆ ಇನ್ನೂರು. ಹಳೆಯ ‘ಸಂಶಯಾಸ್ಪದ ಜೀನ್’ಗಳ ಕಾಲದಲ್ಲಿ ಆದದ್ದೂ ಇದೇ ತಪ್ಪು. ಜೀನ್‌ಗಳ ಸಂಶೋಧಕರು ಅದರಿಂದ ಪಾಠ ಕಲಿತು ದೇಶಗಳ ಗಡಿ ಮೀರಿ ಒಟ್ಟುಗೂಡಿದರು. ಸ್ಕ್ಯಾನ್ ಸಂಶೋಧನೆ ಆ ಹಾದಿಯಲ್ಲಿ ಇನ್ನೂ ಅರ್ಧದಲ್ಲಿದೆ.

ತಲೆಯ ಅಲುಗಾಟದ ಸಮಸ್ಯೆಯನ್ನೂ ಹೇಳಲೇಬೇಕು. ಸ್ಕ್ಯಾನರ್‌ನಲ್ಲಿ ಒಂದು ಮಿಲಿಮೀಟರ್‌ಗಿಂತ ಕಡಿಮೆ ಅಲುಗಾಡಿದರೂ ಹತ್ತಿರದ ಭಾಗಗಳ ಸಂಪರ್ಕ ಹೆಚ್ಚಾದಂತೆ, ದೂರದ ಭಾಗಗಳ ಸಂಪರ್ಕ ಕುಗ್ಗಿದಂತೆ ಕಾಣುತ್ತದೆ ಎಂದು 2012 ರಲ್ಲಿ ಒಂದಕ್ಕಿಂತ ಹೆಚ್ಚು ತಂಡಗಳು ತೋರಿಸಿದವು. ಮಕ್ಕಳು ದೊಡ್ಡವರಿಗಿಂತ ಹೆಚ್ಚು ಅಲುಗಾಡುತ್ತಾರೆ, ಚಡಪಡಿಸುವ ಮನಸ್ಸಿನ ಮಕ್ಕಳು ಇನ್ನೂ ಹೆಚ್ಚು. ಅಂದರೆ ಕಾಯಿಲೆಯ ಗುರುತೆಂದು ಬರೆದದ್ದು ಅಲುಗಾಟದ ಗುರುತಾಗಿರಬಹುದು. ಇದನ್ನು ಸರಿಪಡಿಸುವ ಲೆಕ್ಕಾಚಾರಗಳಿವೆ, ಆದರೆ ಆಯ್ಕೆಗಳೂ ಹಲವು. 2020 ರಲ್ಲಿ ಒಂದೇ ಸ್ಕ್ಯಾನ್ ಮಾಹಿತಿಯನ್ನು 70 ತಂಡಗಳಿಗೆ ಕೊಟ್ಟು ಅವೇ ಪ್ರಶ್ನೆಗಳನ್ನು ಕೇಳಿದಾಗ, ಯಾವ ಎರಡು ತಂಡಗಳೂ ಒಂದೇ ವಿಧಾನ ಅನುಸರಿಸಿರಲಿಲ್ಲ, ಹಲವು ಪ್ರಶ್ನೆಗಳಿಗೆ ಉತ್ತರಗಳೂ ಬೇರೆ ಬೇರೆಯಾಗಿದ್ದವು. ಸುದ್ದಿಯಲ್ಲಿ ‘ಬೈಪೋಲಾರ್‌ನ ಮಿದುಳಿನ ಗುರುತು ಪತ್ತೆ’ ಎಂಬ ಶೀರ್ಷಿಕೆ ಕಂಡಾಗ ಎಷ್ಟು ಜನರ ಮೇಲೆ, ಅಲುಗಾಟಕ್ಕೆ ಏನು ಮಾಡಿದರು, ಬೇರೆಯವರು ಮತ್ತೆ ಕಂಡರೇ ಎಂಬ ಮೂರು ಪ್ರಶ್ನೆಗಳನ್ನಾದರೂ ಓದುಗರು ಕೇಳಬೇಕು.

ರೋಗನಿರ್ಣಯವೇ ಅಲುಗಾಡುತ್ತಿದ್ದರೆ ಉಳಿದುದೆಲ್ಲ ಅದರ ಜೊತೆ ಅಲುಗಾಡುತ್ತದೆ. ಅಮೆರಿಕದಲ್ಲಿ 1994–95 ರಿಂದ 2002–03 ರ ನಡುವೆ ಇಪ್ಪತ್ತರೊಳಗಿನವರಿಗೆ ಬೈಪೋಲಾರ್ ಎಂದು ದಾಖಲಾದ ವೈದ್ಯರ ಭೇಟಿಗಳು 40 ಪಟ್ಟು ಹೆಚ್ಚಿದವು. ಕಾಯಿಲೆ ಅಷ್ಟು ಹೆಚ್ಚಿರಲಿಲ್ಲ. ಸದಾ ಸಿಡುಕುವ ಮಕ್ಕಳಿಗೂ ಆ ಹೆಸರನ್ನು ಅಂಟಿಸುವ ವಾಡಿಕೆ ಬೆಳೆದಿತ್ತು. ಅಂಥ ಮಕ್ಕಳಲ್ಲಿ ಹೆಚ್ಚಿನವರು ಮುಂದೆ ಖಿನ್ನತೆ, ಆತಂಕಗಳ ಕಡೆಗೆ ಹೋದರೇ ಹೊರತು ಬೈಪೋಲಾರ್ ಕಡೆಗಲ್ಲ. 2013 ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಅವರಿಗಾಗಿ ಬೇರೆಯೇ ವರ್ಗ ತೆರೆಯಬೇಕಾಯಿತು. ಆ ವರ್ಷಗಳಲ್ಲಿ ಎಷ್ಟೋ ಮಕ್ಕಳು ಬೇಡದ ಪ್ರಬಲ ಔಷಧಗಳನ್ನು ನುಂಗಿದರು ಎಂಬುದನ್ನು ನೆನೆದರೆ ಸಂಕಟವಾಗುತ್ತದೆ.

ಸ್ಕೋರ್ ಕೈಗೆ ಸಿಕ್ಕರೆ ಏನಾಗುತ್ತದೆ

ಈ ಎಚ್ಚರಿಕೆಗಳು ಪ್ರಯೋಗಾಲಯದೊಳಗಿನ ಚರ್ಚೆಯಷ್ಟೇ ಆಗಿದ್ದರೆ ಇಷ್ಟು ಒತ್ತಿ ಹೇಳುವ ಅಗತ್ಯವಿರಲಿಲ್ಲ. ಕೆಲವು ಖಾಸಗಿ ಕಂಪನಿಗಳು ಕೃತಕ ಗರ್ಭಧಾರಣೆಯ ಭ್ರೂಣಗಳಿಗೂ ಪಾಲಿಜೆನಿಕ್ ಸ್ಕೋರ್ ಲೆಕ್ಕ ಹಾಕಿ ಮಾರುತ್ತಿವೆ, ಮಾನಸಿಕ ಕಾಯಿಲೆಗಳೂ ಆ ಪಟ್ಟಿಯಲ್ಲಿವೆ. ಇಂದಿನ ಸ್ಕೋರ್ ಆಧಾರದ ಮೇಲೆ ಯಾರು ಹುಟ್ಟಬೇಕು ಎಂದು ತೀರ್ಮಾನಿಸುವುದನ್ನು ನಾನು ಯಾವ ಮುಲಾಜೂ ಇಲ್ಲದೆ ವಿರೋಧಿಸುತ್ತೇನೆ. ಅದೇ ವ್ಯತ್ಯಾಸಗಳು ಬೇರೆ ಏನೇನು ಮಾಡುತ್ತವೆ ಎಂಬುದರ ಅರಿವೇ ನಮಗೆ ಪೂರ್ತಿಯಾಗಿಲ್ಲ. ಬೈಪೋಲಾರ್ ಮತ್ತು ಸ್ಕಿಜೋಫ್ರೇನಿಯಾದ ಸ್ಕೋರ್ ಹೆಚ್ಚಿರುವವರು ಕಲೆಯ ಕ್ಷೇತ್ರಗಳಲ್ಲಿ ತುಸು ಹೆಚ್ಚಾಗಿ ಇರುತ್ತಾರೆ ಎಂದು 2015 ರಲ್ಲಿ ಐಸ್‌ಲ್ಯಾಂಡ್‌ನ ಮಾಹಿತಿ ತೋರಿಸಿತ್ತು. ನಂಟು ಸಣ್ಣದು, ಆದರೆ ಒಂದು ವ್ಯತ್ಯಾಸವನ್ನು ‘ಕೆಟ್ಟದ್ದು’ ಎಂದು ಅಳಿಸಿಹಾಕುವವರ ಕೈ ತಡೆಯಲು ಸಾಕು.

ಹಾಗಾದರೆ ಮಗಳ ಬಗ್ಗೆ ದಿಗಿಲುಗೊಂಡ ತಂದೆಗೆ ಇಂದು ಕೊಡಲು ವಿಜ್ಞಾನದ ಬಳಿ ಏನೂ ಇಲ್ಲವೇ? ಇದೆ, ಅದು ಡಿಎನ್‌ಎಯಲ್ಲೂ ಸ್ಕ್ಯಾನ್‌ನಲ್ಲೂ ಇಲ್ಲ ಅಷ್ಟೇ. ಬೈಪೋಲಾರ್ ಇರುವವರ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಪಿಟ್ಸ್‌ಬರ್ಗ್‌ನ ಸಂಶೋಧಕರು 2017 ರಲ್ಲಿ ಒಂದು ಅಪಾಯದ ಲೆಕ್ಕಾಚಾರವನ್ನು ಪ್ರಕಟಿಸಿದರು. ಅದರಲ್ಲಿ ಬಳಸಿದ್ದು ಮಾತುಕತೆಯಿಂದ ತಿಳಿಯುವ ಸಂಗತಿಗಳು: ಮಗುವಿನಲ್ಲಿ ಖಿನ್ನತೆ, ಆತಂಕ, ಮನಸ್ಸಿನ ತೀವ್ರ ಏರಿಳಿತ, ಸೌಮ್ಯ ಉನ್ಮಾದದ ಲಕ್ಷಣಗಳು ಎಷ್ಟಿವೆ, ತಂದೆ ಅಥವಾ ತಾಯಿಗೆ ಕಾಯಿಲೆ ಯಾವ ವಯಸ್ಸಿನಲ್ಲಿ ಶುರುವಾಯಿತು ಇತ್ಯಾದಿ. ಮುಂದಿನ ಐದು ವರ್ಷಗಳಲ್ಲಿ ಕಾಯಿಲೆ ಕಾಣಿಸಿಕೊಳ್ಳುವ ಮಗುವನ್ನೂ ಕಾಣಿಸಿಕೊಳ್ಳದ ಮಗುವನ್ನೂ ಜೋಡಿಯಾಗಿ ಮುಂದಿಟ್ಟರೆ, ನಾಲ್ಕರಲ್ಲಿ ಮೂರು ಸಲ ಅದು ಮೊದಲನೆಯ ಮಗುವಿಗೆ ಹೆಚ್ಚಿನ ಅಪಾಯ ತೋರಿಸಿತು. ಹೊಸ ಸ್ಕೋರ್‌ಗಳೂ ಜಾಲಗಳ ಅಳತೆಗಳೂ ಬೆಲೆ ಪಡೆಯಬೇಕಾದರೆ ಈ ಸರಳ ಮಾತುಕತೆಗಿಂತ ಹೆಚ್ಚೇನನ್ನು ಸೇರಿಸುತ್ತವೆ ಎಂದು ತೋರಿಸಬೇಕು.

ಮಾತುಕತೆಯಿಂದ ಚಿಕಿತ್ಸೆಯೂ ಆಗುತ್ತದೆ. ಕುಟುಂಬದಲ್ಲಿ ಬೈಪೋಲಾರ್ ಇದ್ದು, ತಮ್ಮಲ್ಲೂ ಖಿನ್ನತೆ ಅಥವಾ ಏರಿಳಿತದ ಲಕ್ಷಣಗಳಿದ್ದ 9 ರಿಂದ 17 ವರ್ಷದ 127 ಮಕ್ಕಳ ಮೇಲೆ ನಡೆದ ಪ್ರಯೋಗವೊಂದನ್ನು ಡೇವಿಡ್ ಮಿಕ್ಲೊವಿಟ್ಜ್ ಮತ್ತು ಸಂಗಡಿಗರು 2020 ರಲ್ಲಿ ವರದಿ ಮಾಡಿದರು. ನಾಲ್ಕು ತಿಂಗಳಲ್ಲಿ 12 ಸಲ ಮಗುವನ್ನೂ ಮನೆಯವರನ್ನೂ ಒಟ್ಟಿಗೆ ಕೂರಿಸಿ, ಲಕ್ಷಣಗಳನ್ನು ಗುರುತಿಸುವುದು, ಜಗಳವಿಲ್ಲದೆ ಮಾತನಾಡುವುದು, ಸಮಸ್ಯೆ ಬಿಡಿಸುವುದನ್ನು ಕಲಿಸಲಾಯಿತು. ಕಡಿಮೆ ತರಬೇತಿ ಪಡೆದ ಕುಟುಂಬಗಳಿಗೆ ಹೋಲಿಸಿದರೆ, ಚೇತರಿಸಿಕೊಂಡ ಮೇಲೆ ಲಕ್ಷಣಗಳ ಮುಂದಿನ ಕಂತು ಬರುವವರೆಗಿನ ಬಿಡುವು ಈ ಮಕ್ಕಳಿಗೆ ಹೆಚ್ಚು ದೀರ್ಘವಾಗಿತ್ತು. ಅದೇ ಹೆಚ್ಚಿನ ಅಪಾಯದ ಮಕ್ಕಳೇ ಇವರೂ. ಡಿಎನ್‌ಎಯಲ್ಲಿ ಏನೂ ಬದಲಾಗಿರಲಿಲ್ಲ, ಮನೆಯಲ್ಲಿ ಬದಲಾಗಿತ್ತು.

ಇಂದೇ ಮಾಡಬಹುದಾದ, ಖರ್ಚಿಲ್ಲದ ಇನ್ನೊಂದು ಕೆಲಸವೂ ಇದೆ. ಹದಿಹರೆಯದ ಮಗ ಅಥವಾ ಮಗಳನ್ನು ಖಿನ್ನತೆಗಾಗಿ ವೈದ್ಯರ ಬಳಿ ಕರೆದೊಯ್ದಾಗ, ತಂದೆಗೋ ಅಜ್ಜಿಗೋ ಚಿಕ್ಕಪ್ಪನಿಗೋ ಬೈಪೋಲಾರ್ ಇತ್ತು ಎಂಬುದನ್ನು ಮುಚ್ಚಿಡದೆ ಹೇಳಬೇಕು. ಕೆಲವರಲ್ಲಿ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಉನ್ಮಾದ ಕೆರಳುವ ಅಪಾಯವಿದೆ. ಆ ಒಂದು ಮಾಹಿತಿ ಸಿಕ್ಕರೆ ವೈದ್ಯರು ಔಷಧವನ್ನು ಬೇರೆ ರೀತಿ ಆರಿಸುತ್ತಾರೆ, ನಿದ್ದೆ ಕಡಿಮೆಯಾಗುತ್ತಿದೆಯೇ ಎಂದು ಪ್ರತಿ ಭೇಟಿಯಲ್ಲೂ ಕೇಳುತ್ತಾರೆ, ಮೊದಲ ವಾರಗಳಲ್ಲಿ ಹತ್ತಿರದಿಂದ ಗಮನಿಸುತ್ತಾರೆ.